ಕೂಸಿನ ಉಸಿರು ಕೇಳುವ ಗಾಡಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಆಸ್ಪತ್ರೆ ಟ್ರಸ್ಟಿನ ಹಿರಿಯರಾದ ಗುರುಪಾದ ಅವರೇ, ಇಂದು ಸನ್ಮಾನ ಸ್ವೀಕರಿಸಿರುವ ಸಿಸ್ಟರ್ ಮಾದೇವಿಯವರೇ, ವೇದಿಕೆಯ ಮೇಲಿರುವ ಗಣ್ಯರೇ, ಬನಹಟ್ಟಿ, ರಬಕವಿ ಹಾಗೂ ಸುತ್ತಲಿನ ಊರುಗಳಿಂದ ಬಂದು ಕುಳಿತಿರುವ ಸಭಿಕರೇ,

ಹೊರಗೆ ಹೂಮಾಲೆ ಹಾಕಿಕೊಂಡು ನಿಂತಿದೆಯಲ್ಲ ಆ ಹೊಸ ಆಂಬುಲೆನ್ಸು, ಅದನ್ನು ಆರಿಸಿದ್ದು ಹೇಗೆಂದು ಎರಡು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ಜಮಖಂಡಿಯಲ್ಲಿ ಗ್ಯಾರೇಜು ನಡೆಸುವವನಿಗೆ ಮೈಕು ಕೊಡುವುದು ಅಪಾಯದ ಕೆಲಸ. ನಟ್ಟು ಬಿಗಿದಷ್ಟು ಸುಲಭವಾಗಿ ನಾವು ಮಾತು ನಿಲ್ಲಿಸುವುದಿಲ್ಲ.

ಮಗ್ಗದ ಸದ್ದಿಲ್ಲದಿದ್ದರೆ ನಿದ್ದೆಯೇ ಬಾರದ ಊರು ಇದು. ಇಂಥ ಊರಿನಲ್ಲಿ ಗಾಡಿಯ ಗೇರು ಗುಂಯ್ ಎಂದರೆ ಯಾರಿಗೇನು ತೊಂದರೆ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ನಡೆದದ್ದನ್ನು ಕೇಳುವವರೆಗೆ.

ಚಿಮ್ಮಡದ ಕಾಂಚನಾ ಎಂಬ ಹೆಣ್ಣುಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈಯಷ್ಟು ಕೂಸು. ಅದನ್ನು ಜಮಖಂಡಿಯ ದೊಡ್ಡ ಆಸ್ಪತ್ರೆಗೆ ಒಯ್ಯುವಾಗ ನಮ್ಮ ಹಳೆಯ ಗಾಡಿಯಲ್ಲಿ ಮಾದೇವಿಯವರಿದ್ದರು. ಸ್ಟೆಥಸ್ಕೋಪು ಇಟ್ಟರೆ ಕೂಸಿನ ಉಸಿರು ಕೇಳಬೇಕಲ್ಲವೇ? ಕೇಳಿದ್ದು ಹಿಂದಿನ ಆಕ್ಸೆಲ್ಲಿನ ಗೇರುಗಳ ಕೂಗು. ಅದು ಪಾಟಾಗಳನ್ನು, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳನ್ನು, ಹಿಡಿದು ಹತ್ತಿ, ನೆಲದ ತಗಡಿಗೆ ಬಂದು, ಕಿವಿಯನ್ನೇ ತುಂಬುತ್ತಿತ್ತು.

“ದಶರಥಣ್ಣಾ, ಗಾಡಿ ನಿಂದ್ರಸು!” ಎಂದರು ಚಾಲಕನಿಗೆ.

“ಎಲ್ಲಿ ನಿಂದ್ರಸ್ಲಿರಿ ಸಿಸ್ಟರ್? ಹಿಂದ ಕಬ್ಬಿನ ಟ್ರ್ಯಾಕ್ಟರ್ ಸಾಲ್ ಹಿಡದು ಬರಾಕತ್ತಾವು!”

“ನನಗ ಕೂಸಿನ ಉಸಿರು ಕೇಳವಲ್ದು. ನಿಂದ್ರಸು ಅಂದೆ!”

ನಿಲ್ಲಿಸಿದ. ಗೇರಿನ ಸದ್ದು ನಿಂತಿತು. ಉಸಿರೂ ನಿಂತಿತ್ತು. ಹಿಂದಿನ ಟ್ರ್ಯಾಕ್ಟರುಗಳ ಹಾರ್ನು ಕೂಗುತ್ತಿರುವಾಗಲೇ ಮಾದೇವಿಯವರು ಎರಡು ಬೆರಳಿನಿಂದ ಆ ಪುಟ್ಟ ಎದೆಯನ್ನು ಒತ್ತಿದರು, ಉಸಿರು ಊದಿದರು. ಕೂಸು ಅತ್ತಿತು. ಅದರ ಅಜ್ಜಿ ಅನಸವ್ವ ಇಂದು ಅದನ್ನು ಎತ್ತಿಕೊಂಡೇ ಬಂದಿದ್ದಾರೆ. ಈಗಲೂ ಅಳುತ್ತಿದೆ, ಅಳಲಿ ಬಿಡಿ, ಯಾರೂ ಸುಮ್ಮನಿರಿಸಬೇಡಿ.

ಆಮೇಲೆ ಹೊಸ ಗಾಡಿ ಕೊಳ್ಳುವುದೆಂದು ಟ್ರಸ್ಟು ನಿರ್ಧರಿಸಿತು, ನೋಡಿ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಪರೀಕ್ಷೆಗೆ ಎರಡು ಗಾಡಿ ಬಂದವು. ಒಂದರಲ್ಲಿ ಹಿಂದಿನ ಗಾಲಿಗಳು ಬೇರೆ ಬೇರೆಯಾಗಿ ಏರಿಳಿಯುತ್ತವೆ, ಸ್ಪ್ರಿಂಗು ಮೆತ್ತಗೆ. ನಮ್ಮ ಅಧ್ಯಕ್ಷ ಗುರುಪಾದ ಅವರು ಅದರಲ್ಲಿ ಕುಳಿತು, “ತೊಟ್ಟಲದಾಗ ಕುಂತಂಗ ಆತು, ಇದನ್ನ ಮಾಡ್ರಿ” ಎಂದರು. ಆದರೆ ಅದರ ಗೇರಿನ ಪೆಟ್ಟಿಗೆಯನ್ನು ತೆಳ್ಳಗಿನ ರಬ್ಬರಿನ ಮೇಲೆ ಗಾಡಿಯ ಚೌಕಟ್ಟಿಗೇ ಬಿಗಿದಿದ್ದರು, ಸದ್ದು ನೇರ ಒಳಗೇ ಬರುತ್ತದೆ. ಇನ್ನೊಂದರಲ್ಲಿ ಹಳೆಯ ಪದ್ಧತಿಯ ಇಡಿಯ ಆಕ್ಸೆಲ್ಲು, ಅದರ ಕೆಳಗೆ ಉದ್ದನೆಯ ಪಾಟಾ. ಆದರೆ ಪಾಟಾದ ಎರಡೂ ತುದಿಗೆ ಸದ್ದು ನುಂಗುವ ದಪ್ಪ ರಬ್ಬರಿನ ಬುಷ್ಷು, ಗೇರಿನ ಹಲ್ಲುಗಳೂ ನಯ. ಎಲ್ಲ ಗಾಡಿಗಳಲ್ಲೂ ಹೀಗೆಯೇ ಎಂದು ನಾನು ಹೇಳಲಾರೆ. ನಮ್ಮ ಮುಂದಿದ್ದದ್ದು ಈ ಎರಡು.

“ಎರಡನೇದು ಕುಲಕತೈತಲ್ಲೊ ಬಸವಕುಮಾರ” ಎಂದು ಅಧ್ಯಕ್ಷರು ನನಗೆ ಹೇಳಿದರು. ಅದಕ್ಕೆ ಮಾದೇವಿಯವರು ಕೊಟ್ಟ ಉತ್ತರ ನನಗೆ ಅಕ್ಷರಶಃ ನೆನಪಿದೆ: “ಕುಲಕಿದ್ರ ಕೂಸಿನ್ನ ಕೈಯಾಗ ಹಿಡಿತೇನ್ರಿ. ಸಪ್ಪಳಾ ಹಿಡ್ಯಾಕ ಆಗೂದಿಲ್ಲ.”

ಓಡುವ ಗಾಡಿಯಲ್ಲೇ ಸ್ಟೆಥಸ್ಕೋಪು ಇಟ್ಟು ನೋಡುವುದೆಂದಾಯಿತು. ಹಾಗಾದರೆ ಪರೀಕ್ಷೆಗೆ ಎದೆ ಯಾರದು? ಟ್ರಸ್ಟಿನ ಸದಸ್ಯರೆಲ್ಲ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು. ನಾನೇ ಮಲಗಿದೆ. ಮುಧೋಳದ ದಾರಿ, ದಶರಥನೇ ಚಾಲಕ. ಮೊದಲ ಗಾಡಿಯಲ್ಲಿ ಮಾದೇವಿಯವರು ನಕ್ಕುಬಿಟ್ಟರು. “ಸರ್, ನಿಮ್ಮ ಎದ್ಯಾಗ ಬರೇ ಗೇರ್ ಅದಾವು.”

ಎರಡನೆಯ ಗಾಡಿಯಲ್ಲಿ ನಗಲಿಲ್ಲ. ಸ್ಟೆಥಸ್ಕೋಪನ್ನು ಒಂದು ಕಡೆ ಇಟ್ಟರು, ತೆಗೆದರು, ಪಕ್ಕಕ್ಕೆ ಇಟ್ಟರು. ಮತ್ತೆ ಅಲ್ಲಿಯೇ ಇಟ್ಟರು. ನಾನು “ಕೇಳಾಕತ್ತೈತೇನ್ರಿ?” ಎಂದೆ. ಬಾಯಿಗೆ ಬೆರಳಿಟ್ಟು ಸುಮ್ಮನಿರಿಸಿದರು. ಅವರ ಹಣೆ ಗಂಟಾಗಿತ್ತು. ಹೋಯಿತು, ಈ ಗಾಡಿಯೂ ಹೋಯಿತು ಎಂದುಕೊಂಡೆ. ಟ್ರಸ್ಟಿನವರಿಗೆ ಯಾವ ಮುಖದಿಂದ ಹೇಳಲಿ? ಇನ್ನು ಯಾವ ಗಾಡಿ ಹುಡುಕಲಿ?

“ದಶರಥಣ್ಣಾ, ಬಾಜೂಕ ಹಚ್ಚು. ಇಂಜಿನ್ ಬಂದ್ ಮಾಡು.”

ಗಾಡಿ ನಿಂತಿತು. ಆ ಮೌನದಲ್ಲಿ ಅವರು ಇನ್ನೊಮ್ಮೆ ಕೇಳಿದರು. ಆಮೇಲೆ ಸ್ಟೆಥಸ್ಕೋಪನ್ನು ಕಿವಿಯಿಂದ ತೆಗೆದು ಮೆಲ್ಲಗೆ ಹೇಳಿದರು:

“ಗಾಡಿ ಛಲೋ ಐತ್ರಿ ಸರ್. ನೀವು ಛಲೋ ಇಲ್ಲ.”

ಸಭಿಕರೇ, ಇದನ್ನು ಇಲ್ಲಿ ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ನನ್ನ ಹೃದಯದ ಒಂದು ಕವಾಟ ಕಿರಿದಾಗಿದೆಯಂತೆ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಿತ್ತು, ವಯಸ್ಸೆಂದುಕೊಂಡಿದ್ದೆ. ಇಷ್ಟು ವರ್ಷ ಪರರ ಗಾಡಿಗಳ ಸದ್ದಿಗೆ ಕಿವಿಗೊಟ್ಟವನು ನಾನು. ನನ್ನ ಎದೆಗೆ ಕಿವಿಗೊಟ್ಟವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಬೆಳಗಾವಿಯ ವೈದ್ಯರು ಕೂಡಲೇ ಕವಾಟ ಬದಲಿಸಬೇಕೆಂದರು. ಗಾಡಿ ಬಂದುಬಿಡಲಿ ಎಂದೆ. ನಾನು ಹಾಸಿಗೆ ಹಿಡಿದರೆ ಅಧ್ಯಕ್ಷರು ಆ ತೊಟ್ಟಿಲಿನಂಥ ಗಾಡಿಯನ್ನೇ ಕೊಂಡುಬಿಡುತ್ತಾರೆ ಎಂಬ ಭಯ! ನಗಬೇಡಿ. ಖರೆ ಹೇಳುವುದಾದರೆ ಅದೊಂದೇ ಭಯವಾಗಿರಲಿಲ್ಲ. ಎದೆ ತೆರೆದು ಮತ್ತೆ ಮುಚ್ಚುತ್ತಾರೆ ಎಂಬುದನ್ನು ಮನೆಯಲ್ಲಿ ಯಾವ ಮಾತಿನಲ್ಲಿ ಹೇಳಬೇಕೆಂದು ನನಗೆ ತಿಳಿಯಲಿಲ್ಲ. “ಬರೇ ಗ್ಯಾಸ್ ಆಗೇತಿ” ಎಂದು ಹೇಳಿದ್ದೆ.

ನಾಡಿದ್ದು ಬೆಳಗಾವಿಗೆ ಹೋಗಬೇಕು.

ಮೂರನೆಯ ಸಾಲಿನಲ್ಲಿ ನನ್ನ ಹೆಂಡತಿ ವೈಶಾಲಿ ಕುಳಿತಿದ್ದಳು. ಈಗ ಎದ್ದು ನಿಂತಿದ್ದಾಳೆ. ವೈಶಾಲಿ, ಕೂಡು, ರಾತ್ರಿ ಹೇಳಬೇಕಂತಲೇ ಇದ್ದೆ... ಕೂಡುತ್ತಿಲ್ಲ. ವೇದಿಕೆಯ ಕಡೆಗೇ ಬರುತ್ತಿದ್ದಾಳೆ. ದಯವಿಟ್ಟು ದಾರಿ ಬಿಡಿ, ಕುರ್ಚಿಗಳನ್ನು ಸ್ವಲ್ಪ ಸರಿಸಿ. ಆಕೆಯ ಕಣ್ಣು ತುಂಬಿದೆ, ಮೆಟ್ಟಿಲು ಕಾಣಲಿಕ್ಕಿಲ್ಲ.

ನನಗೆ ಮಾತಿನ ಅವಕಾಶ ಕೊಟ್ಟ ಟ್ರಸ್ಟಿಗೆ, ಕೇಳಿಸಿಕೊಂಡ ಮಾದೇವಿಯವರಿಗೆ, ತಾಳ್ಮೆಯಿಂದ ಕುಳಿತ ನಿಮಗೆಲ್ಲ ನಾನು ಋಣಿ. ಇನ್ನು ಮುಂದಿನ ಮಾತು ಆಕೆಯೊಡನೆ, ಮೈಕಿಲ್ಲದೆ.

ನಮಸ್ಕಾರ.