ಅಮ್ಮ ಅಲ್ಲ, ದೊಡ್ಡಮ್ಮ

…ಹಾಗಲ್ಲ, ಹಾಗಲ್ಲ ಕಣೇ! ಅದು ನಗೋದಲ್ಲ, ಹಲ್ಲು ಕಿರಿಯೋದು. ಇನ್ನೊಂದ್ಸಲ. ಅಮ್ಮ ಬರ್ತಾಳೆ, ವ್ಯಾನಿನ ಬಾಗಿಲು ತೆಗೀತಾಳೆ, "ಹೇಗಿತ್ತು ವಿನೀ ಪಾರ್ಕು?" ಅಂತಾಳೆ. ಆಗ ನೀನು… ಹೂಂ, ನಗು. ನಗೇ! ಬೆಳಿಗ್ಗೆಯಿಂದ ಬೇಡದ ಕಡೆಯೆಲ್ಲ ಕಿಲಕಿಲ ಅಂತಿದ್ದೆ, ಈಗೇನು ಬಂತು ರೋಗ?

ಮುಖ ಈ ಕಡೆ ತಿರುಗಿಸು. ಕ್ರೀಮ್ ಹಚ್ತೀನಿ. ಉರಿಯುತ್ತಾ? ಸ್ವಲ್ಪ ಉರಿಯುತ್ತೆ, ಸಹಿಸ್ಕೋ. ಅಯ್ಯೋ ದೇವರೇ, ಮೂಗು ನೋಡು, ಬೇಯಿಸಿದ ಬೀಟ್‌ರೂಟ್ ಥರ ಆಗಿದೆ. ನಿನ್ನಮ್ಮ ಟೋಪಿ ಕೊಟ್ಟಿದ್ಲು, ಹೌದು, ಕೊಟ್ಟಿದ್ಲು. ನನ್ನ ಮಗ ರೀಸ್ ಹಾಕ್ಕೊಂಡ. ಹುಡುಗ ಅಲ್ವಾ, ಬಿಸಿಲಲ್ಲಿ ಓಡಾಡ್ತಾನೆ. ನೀನು ಕೂತ್ಕೊಂಡೇ ಇರ್ತೀಯ, ನಿನಗ್ಯಾಕೆ ಟೋಪಿ ಅಂದ್ಕೊಂಡೆ.

ಮನೆಗೆ ಇನ್ನೆರಡೇ ಬೀದಿ. ಈ ಚರ್ಚಿನ ಅಂಗಳದಲ್ಲಿ ನಿನ್ನಮ್ಮನ ವ್ಯಾನನ್ನ ಐದು ನಿಮಿಷ ನಿಲ್ಲಿಸಿದ್ದೀನಿ, ನಿನ್ನ ಅವತಾರ ಸರಿ ಮಾಡೋಕೆ. ನಿನ್ನಣ್ಣಂದಿರು ಅವರಪ್ಪನ ಟ್ರಕ್ಕಲ್ಲಿ ಆಗ್ಲೇ ಮನೆ ಸೇರಿರ್ತಾರೆ. ಇಲ್ಲಿರೋದು ನೀನು, ನಾನು ಇಬ್ರೇ. ಅದಕ್ಕೇ ಮನಸ್ಸು ಬಿಚ್ಚಿ ಮಾತಾಡೋಣ, ಏನಂತೀಯ?

ಹ್ಹ… "ಏನಂತೀಯ" ಅಂತೆ! ನಾನೂ ಒಬ್ಬಳು.

ನೋಡು ವಿನೀ, ಹನ್ನೊಂದು ವರ್ಷ ಆಯ್ತು ನಿನಗೆ, ಸ್ವಲ್ಪ ಅರ್ಥ ಮಾಡ್ಕೋ. ನಿನ್ನಮ್ಮ ಒಂದು ವರ್ಷದಿಂದ ಒಂದೇ ಒಂದು ಭಾನುವಾರ ನೆಟ್ಟಗೆ ನಿದ್ದೆ ಮಾಡಿಲ್ಲ. ನಾನೇ ಫೋನ್ ಮಾಡಿ ಅಂದೆ, "ಡೆನೀಸ್, ನೀನು ಮಲ್ಕೋ, ವಿನೀನ ನಾನು ಪಾರ್ಕಿಗೆ ಕರ್ಕೊಂಡು ಹೋಗ್ತೀನಿ" ಅಂತ. ಅತ್ತುಬಿಟ್ಲು ಗೊತ್ತಾ? ಫೋನಲ್ಲೇ ಅತ್ಲು. "ಅಕ್ಕಾ, ನಿನಗೆ ಕಷ್ಟ ಆಗಲ್ವಾ" ಅಂದ್ಲು. ಎಂಥ ಕಷ್ಟ, ರಕ್ತ ಸಂಬಂಧ ಅಲ್ವಾ, ಮಗು ನಾಲ್ಕು ಜನರ ಮಧ್ಯೆ ಓಡಾಡ್ಬೇಕು ಅಂದೆ. ಮನಸ್ಸಿಂದಾನೇ ಅಂದೆ ಕಣೇ.

ಏನು? ಯಾಕೆ ಹಾಗೆ ಮೂಗಲ್ಲಿ ಸೊರ್ ಅಂತೀಯ? ನಗ್ತಿದ್ದೀಯಾ? ಈಗ್ಯಾಕೆ ನಗ್ತೀಯ?

ಓಹೋ. ಕೈಯ ನೀಲಿ ಪಟ್ಟಿಗಾ? ಪಟ್ಟಿಗೋಸ್ಕರ ಕರ್ಕೊಂಡು ಹೋದೆ ಅಂತಲಾ? ಇರ್ಲಿ, ಹಾಗೇ ಅಂದ್ಕೋ! ಪಾರ್ಕಿನವರೇ ಕೊಡ್ತಾರೆ ಅದನ್ನ. ಗಾಲಿಕುರ್ಚಿಯವರ ಕೈಗೆ ಪಟ್ಟಿ ಕಟ್ಟಿದ್ರೆ, ಮನೆಮಂದಿ ಎಲ್ಲ ಸಾಲಲ್ಲಿ ನಿಲ್ಲದೆ ಹಿಂದಿನ ಬಾಗಿಲಿಂದ ಹೋಗ್ಬಹುದು. ನಾನು ಕದ್ದು ತಂದಿದ್ದಾ? ಜನ ಒಂದೊಂದು ರೈಡಿಗೂ ಒಂದೂವರೆ ಗಂಟೆ ಬಿಸಿಲಲ್ಲಿ ಒಣಗ್ತಿದ್ರು. ನಿನ್ನಣ್ಣಂದಿರು ಒಂಬತ್ತು ರೈಡು! ಒಂಬತ್ತು! ಕೋಲ್ಟನ್ ಅಂದ, "ಅಮ್ಮಾ, ವಿನಿ ಇದ್ರೆ ರಾಜಮರ್ಯಾದೆ" ಅಂತ. ಕೇಳಿಸ್ಕೊಂಡ್ಯಾ? ನಿನ್ನಿಂದ ನಾಲ್ಕು ಜನಕ್ಕೆ ಉಪಯೋಗ ಆಯ್ತು ಇವತ್ತು. ಹೊಟ್ಟೆ ತಣ್ಣಗಾಗ್ಬೇಕು ನಿನಗೆ.

ಗಾಲಿಕುರ್ಚಿ ಬಾಗಿಲ ಹತ್ರ ಇರಲೇಬೇಕು ಅನ್ನೋದು ಅವರ ರೂಲ್ಸು, ನಂದಲ್ಲ. ಅದಕ್ಕೇ ನಿಲ್ಲಿಸಿದ್ದು. ನೆರಳಿರ್ಲಿಲ್ಲ. ಇಲ್ಲದ ನೆರಳು ನಾನೆಲ್ಲಿಂದ ತರ್ಲಿ?

ಇನ್ನು ಆ ಕುದುರೆ. ಗೇಟು ದಾಟಿದಾಗಿಂದ ಒಂದೇ ರಾಗ. ಆ ಮಾತಾಡೋ ಟ್ಯಾಬನ್ನ ಗೆಣ್ಣಲ್ಲಿ ಕುಟ್ಟಿ ಕುಟ್ಟಿ, "ಕುದುರೆ. ಕುದುರೆ. ಕುದುರೆ." ಮರದ ಕುದುರೆ, ಗಿರಗಿರ ಸುತ್ತೋದು, ಮೂರು ವರ್ಷದ ಮಕ್ಕಳು ಕೂರೋದು! ಅಲ್ಲಿ ಸಾಲೇ ಇರ್ಲಿಲ್ಲ, ಗೊತ್ತಾ? ಸಾಲೇ ಇಲ್ಲದ ಕಡೆ ನಿನ್ನ ಕರ್ಕೊಂಡು ಹೋಗಿ ಏನು ಲಾಭ? ಇನ್ನೊಂದು ರೈಡು, ಆಮೇಲೆ ಕುದುರೆ ಅಂದೆ. ಅಂದೆ ತಾನೇ? ಪ್ರತಿ ಸಲಾನೂ ಅಂದೆ. ಅಷ್ಟೊತ್ತಿಗೆ ಹೊತ್ತಾಯ್ತು. ಅದಕ್ಕೇ ಈ ಅಂಗಿ ಕೊಡಿಸಿದ್ದು. ನೋಡು, ಎದೆ ಮೇಲೇ ಕುದುರೆ. ಇದಕ್ಕಿಂತ ಇನ್ನೇನು ಬೇಕು?

ಹಳೇ ಬಟ್ಟೆ ಮೇಲೆ ಶರಬತ್ತು ಚೆಲ್ಲಿತು. ಹಾಗೇ ಹೇಳೋಣ. ನಿನ್ನ ಮಾನಕ್ಕೋಸ್ಕರಾನೇ ಹೇಳ್ತಿದ್ದೀನಿ, ನನ್ನ ಮಾನಕ್ಕಲ್ಲ. ಇಷ್ಟು ದೊಡ್ಡ ಹುಡುಗಿ, ಜನ ಓಡಾಡೋ ಜಾಗದಲ್ಲಿ, ಕುರ್ಚಿಯಲ್ಲೇ ಒಂದಕ್ಕೆ… ಥೂ. ಒಂದು ಮಾತು ಹೇಳ್ಬಾರ್ದಿತ್ತಾ?

ಏನು ಹಾಗೆ ದುರುಗುಟ್ಟಿ ನೋಡ್ತೀಯ?

ಸರಿ. ಟ್ಯಾಬಿನ ಸದ್ದು ನಾನೇ ಆರಿಸಿದ್ದೆ, ಹೌದು. ಯಾಕೆ ಆರಿಸ್ದೆ ಕೇಳ್ಕೋ ನಿನ್ನ ಮನಸ್ಸನ್ನ! ಎರಡನೇ ರೈಡಿನ ಹತ್ರ ಬಾಗಿಲು ಕಾಯ್ತಿದ್ದ ಆ ಜಡೆ ಹುಡುಗಿ ಕೇಳಿದ್ಲಲ್ಲ, "ಮನೆಯವರು ಮಾತ್ರ ಬರ್ಬೇಕು, ನೀವು ಮಗುಗೆ ಏನಾಗ್ಬೇಕು?" ಅಂತ. ಅಮ್ಮ ಅಂದೆ. ಬಾಯಿಗೆ ಬಂತು, ಅಂದೆ. ದೊಡ್ಡಮ್ಮ ಅಂದ್ರೆ ಅವರ ಲೆಕ್ಕದಲ್ಲಿ ಮನೆಯವರಲ್ವಂತೆ. ಒಂದು ಸುಳ್ಳು, ಯಾರಿಗೂ ನೋವಿಲ್ಲದ ಸುಳ್ಳು. ನೀನೋ! ಕತ್ತು ಓರೆ ಮಾಡ್ಕೊಂಡು, ನಾಲಿಗೆ ಹೊರಗೆ ಹಾಕ್ಕೊಂಡು, ಒಂದೊಂದೇ ಒತ್ತಿದೆ. "ಅಮ್ಮ. ಅಲ್ಲ. ದೊಡ್ಡಮ್ಮ." ಆ ಯಂತ್ರಕ್ಕೆ ನಾಚಿಕೆ ಮಾನ ಉಂಟಾ? ಗಂಟೆ ಹೊಡೆದ ಹಾಗೆ ಹೇಳ್ತು. ಸಾಲಲ್ಲಿ ನಿಂತಿದ್ದ ಜನ ಪೂರ್ತಿ ತಿರುಗಿ ನೋಡಿದ್ರು. ಯಾರೋ ಒಬ್ಬ ಚಪ್ಪಾಳೆ ಹೊಡೆದ. ಚಪ್ಪಾಳೆ! ನೀನು ಕಿಸಕಿಸ ನಕ್ಕೆ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು ನನಗೆ.

ಆ ಹುಡುಗಿ ಪಾಪ ಅಂತ ಬಿಟ್ಲು. ಬಿಡದೆ ಇದ್ದಿದ್ರೆ? ನಿನ್ನಣ್ಣಂದಿರ ಮುಖಕ್ಕೆ ಏನಂತ ಹೇಳ್ಬೇಕಿತ್ತು?

ಇದೇ ಮೊದಲಲ್ಲ ನಿಂದು. ಥ್ಯಾಂಕ್ಸ್‌ಗಿವಿಂಗ್ ಊಟದ ದಿನ, ಎಲ್ಲರೂ ಕೂತಿದ್ರು, ನಾನು ಕನಿಕರದಿಂದ "ಪಾಪ, ಅದಕ್ಕೇನು ತಿಳಿಯುತ್ತೆ" ಅಂದೆ. "ತಿಳಿಯುತ್ತೆ" ಅಂತು ನಿನ್ನ ಟ್ಯಾಬು! ನಗು ಅಂದ್ರೆ ನಗು, ನನ್ನ ಗಂಡನೂ ಸೇರಿ ನಕ್ಕ. ಆಮೇಲೆ ಆ ಟರ್ಕಿ ಕೋಳಿ ಗಂಟಲಲ್ಲಿ ಇಳೀಲಿಲ್ಲ ನನಗೆ.

ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡ. ಅದು ಬರೋಕೆ ಮುಂಚೆ ನೀನು ಎಷ್ಟು ಮುದ್ದಾಗಿದ್ದೆ! ಎಲ್ಲಿ ಕೂರಿಸಿದ್ರೆ ಅಲ್ಲಿ. ಏನು ಕೊಟ್ರೆ ಅದು. ನಾನು ಬಂದು ಎಲ್ಲಾ ಕಷ್ಟ ನಿನ್ನ ಮುಂದೆ ಹೇಳ್ಕೋತಿದ್ದೆ, ನೀನು ಬಟ್ಟಲು ಕಣ್ಣು ಬಿಟ್ಕೊಂಡು ಕೇಳ್ತಿದ್ದೆ. ದೇವರ ಥರ ಮಗು ಅಂತಿದ್ವಿ ಎಲ್ಲರೂ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಆ ಬಂಗಾರ ನೀನು. ನಿನ್ನಮ್ಮ ಆ ವಿಮೆಯವರಿಗೆ ಕಾಗದ ಬರೆದೂ ಬರೆದೂ, ಹದಿನಾಲ್ಕು ತಿಂಗಳು ಜಗಳ ಆಡಿ ಟ್ಯಾಬು ತಂದ್ಲು. ತಂದು ಏನಾಯ್ತು? ಬಾಯಿ ಬಿಟ್ರೆ ಬಣ್ಣಗೇಡು. ನಿನ್ನ ಬಣ್ಣ ಅಲ್ಲ, ನನ್ನದು.

ಅದಕ್ಕೇ ಹೇಳ್ತೀನಿ, ಟ್ಯಾಬು ಹೋಗಿದ್ದು ಒಳ್ಳೇದೇ ಆಯ್ತು ಅಂದ್ಕೋ.

ಅಳಬೇಡ. ಏಯ್, ಅಳಬೇಡ, ಕ್ರೀಮೆಲ್ಲ ಹೋಗುತ್ತೆ. ಹೇಗೆ ಹೋಯ್ತು ಅಂತ ಹೇಳಿದ್ನಲ್ಲ? ಸರಿಯಾಗಿ ನೆನಪಿಟ್ಕೋ. ಆ ದೋಣಿ ರೈಡಿನ ಕಟ್ಟೆ ಹತ್ರ ನಿಲ್ಲಿಸಿದ್ದೆ, ನೀನು ನಿದ್ದೆ ಹೋಗಿದ್ದೆ. ಕಣ್ಣು ಮುಚ್ಚಿತ್ತು, ನಾನೇ ಬಗ್ಗಿ ನೋಡ್ದೆ. ನಿದ್ದೆಯಲ್ಲಿ ನಿನ್ನ ಬಲಗೈ ಛಟ್ ಅಂತ ಹಾರ್ತು. ಹಾರುತ್ತಲ್ಲ ಅದು, ಗೊತ್ತಿರೋದೇ. ಟ್ಯಾಬು ಕುರ್ಚಿಯ ಕಂಬಿಯಿಂದ ಕಳಚ್ಕೊಂಡು ನೀರಿಗೆ. ಗುಳುಂ! ಯಾರ ತಪ್ಪೂ ಅಲ್ಲ. ನಿಂದೂ ಅಲ್ಲ… ಸರಿ, ಸ್ವಲ್ಪ ನಿಂದು. ಆದ್ರೂ ಬೈಬೇಡ ಅಂತ ನಿನ್ನಮ್ಮನಿಗೆ ನಾನು ಹೇಳ್ತೀನಿ. ನಿನ್ನ ಪರವಾಗಿ ನಾನಿದ್ದೀನಿ.

ನನ್ನ ನೋಡು ಅಂದ್ರೆ ಅಲ್ಲೇನು ನೋಡ್ತೀಯ? ಐಸ್ ಪೆಟ್ಟಿಗೇನಾ? ಬಾಯಾರಿಕೇನಾ? ಈಗಷ್ಟೇ ನಿಂಬೆ ಶರಬತ್ತು ಕುಡಿಸ್ದೆ. ಮತ್ತೆ ಕೊಟ್ರೆ ಮತ್ತೆ ನೆನೆಸ್ಕೋತೀಯ. ಸುಮ್ನಿರು.

ಟ್ಯಾಬಿಲ್ಲದಾಗ ನಿನ್ನಮ್ಮ ಒಂದು ಆಟ ಆಡ್ತಿದ್ಲು, ನೆನಪಿದ್ಯಾ? "ತೋರ್ಸು ವಿನೀ" ಅಂತಿದ್ಲು, ನೀನು ಕಣ್ಣಲ್ಲೇ ಬೊಂಬೆ, ಕಿಟಕಿ, ಹಾಲಿನ ಲೋಟ ಅಂತ ತೋರಿಸ್ತಿದ್ದೆ. ಅಮ್ಮ ಮಗಳು ಅದೇನು ನೋಡ್ಕೋತಿದ್ರೋ, ನನಗಂತೂ ಒಂದೂ ಅರ್ಥ ಆಗ್ತಿರ್ಲಿಲ್ಲ. ಹಾಗೇ ಕಾಲ ಹಾಕಿದ್ರಾಯ್ತು. ಹತ್ತು ವರ್ಷ ಹಾಕ್ಲಿಲ್ವಾ? ಇನ್ನು ಹದಿನಾಲ್ಕು ತಿಂಗಳು ದೊಡ್ಡದಾ?

ಸರಿ, ಹೊರಡೋಣ. ಬೆಲ್ಟ್ ಬಿಗಿ ಇದೆ ತಾನೇ? ನಗು ನೆನಪಿರ್ಲಿ. ಅದೊಂದು ಮಾಡು, ಮುಂದಿನ ತಿಂಗಳು ಮತ್ತೆ ಹೋಗೋಣ, ಆಣೆ ಮಾಡಿ ಹೇಳ್ತೀನಿ, ಮೊದಲು ಕುದುರೆ. ಪಟ್ಟಿ ಚಳಿಗಾಲದ ತನಕ ನಡೆಯುತ್ತಂತೆ.

ಬಂತು ಮನೆ. ಅದೋ, ಮೆಟ್ಟಿಲ ಮೇಲೇ ಕೂತಿದ್ದಾಳೆ ನಿನ್ನಮ್ಮ. ಕನ್ನಡಿಯಲ್ಲಿ ನನ್ನ ನೋಡು ವಿನೀ. ಪೆಟ್ಟಿಗೆ ಅಲ್ಲ, ನನ್ನ ನೋಡು.

ಡೆನೀಸ್! ನಿದ್ದೆ ಆಯ್ತೇನೇ? ಬಾ ಬಾ, ನೋಡು ನಿನ್ನ ಮಗಳನ್ನ, ಎಷ್ಟು ಖುಷಿಯಾಗಿ ಬಂದಿದ್ದಾಳೆ! ವಿನೀ, ಹೂಂ… ಸುಸ್ತು ಕಣೇ ಅವಳಿಗೆ. ಇಡೀ ದಿನ ನಕ್ಕಿದ್ದಾಳೆ, ಎಲ್ಲಾ ಖರ್ಚಾಗಿದೆ. ಮುಖ? ಸ್ವಲ್ಪ ಬಿಸಿಲು. ಅಂಗಿ ನಾನೇ ಕೊಡಿಸಿದ್ದು, ಹಳೇದರ ಮೇಲೆ ಶರಬತ್ತು ಚೆಲ್ಲಿತು.

ಟ್ಯಾಬಾ… ಅಯ್ಯೋ, ಅದನ್ನೇ ಹೇಳೋಣ ಅಂತ. ಗಾಬರಿ ಆಗ್ಬೇಡ. ನಿದ್ದೆಯಲ್ಲಿ ಕೈ ಹಾರ್ತು ನೋಡು, ನೀರಿಗೆ ಬಿತ್ತು. ಹುಡುಕಿದ್ವಿ ಕಣೇ, ಪಾರ್ಕಿನವರೂ ಹುಡುಕಿದ್ರು. ಪಾಪ, ಅವಳನ್ನ ಬೈಬೇಡ.

ಆ ಕಂಬಿ ಯಾಕೆ ಮುಟ್ತೀಯ? ಸ್ಕ್ರೂ… ಹೌದು, ಇದೆ. ಬಿಗಿಯಾಗೇ ಇದೆ. ನಾನೇ ಮತ್ತೆ ಬಿಗಿದೆ, ಕಳೆದುಹೋದ್ರೆ ನೀನು ಬೈತೀಯ ಅಂತ. ಬಿಚ್ಚಿದ್ಯಾಕೆ ಅಂದ್ರೆ… ಬಿಚ್ಚಲಿಲ್ಲ. ಅದಾಗೇ… ಏನು ಪೊಲೀಸರ ಥರ ಕೇಳ್ತೀಯೇ! ಒಂದು ದಿನ ನಿನ್ನ ಮಗಳನ್ನ ನೋಡ್ಕೊಂಡಿದ್ದಕ್ಕೆ ಇದಾ?

ಅವಳನ್ನ ಯಾಕೆ ಕೇಳ್ತೀಯ? ನಿದ್ದೆ ಮಾಡ್ತಿದ್ಲು ಅಂತ ಹೇಳಿದ್ನಲ್ಲ. "ತೋರ್ಸು" ಅಂದ್ರೆ ಏನು ತೋರಿಸ್ತಾಳೆ ಪಾಪ, ಸುಮ್ನೆ ಎಲ್ಲಾ ಕಡೆ ನೋಡ್ತಾಳೆ… ಅದು ಬಾಯಾರಿಕೆ. ದಾರಿಯುದ್ದಕ್ಕೂ ಹಾಗೇ ನೋಡ್ತಿದ್ಲು. ಅದು ನನ್ನ ಪೆಟ್ಟಿಗೆ ಡೆನೀಸ್, ಭಾರ ಇದೆ, ನಾನೇ ಎತ್ಕೋತೀನಿ, ನನ್ನ ಕಾರಿಗೆ ಇಟ್ಕೋತೀನಿ. ಬಿಡು. ಮುಚ್ಚಳ ತೆಗೀಬೇಡ. ಐಸು ಕಣೇ, ಬರೀ ಕರಗಿದ ಐಸು…

ಅದು… ಟ್ಯಾಬನ್ನ ಅದರೊಳಗೆ ವಿನಿನೇ ಹಾಕಿದ್ದು! ಹೌದು, ಅವಳೇ. ಹಠ ಅವಳಿಗೆ, ನಿನಗೆ ಗೊತ್ತಿಲ್ಲ. ಯಾಕೆ ಹಾಗೆ ನೋಡ್ತೀಯ, ನಾನು ಸುಳ್ಳು ಹೇಳ್ತೀನಾ? ನೀರು ಸೋರ್ತಿದೆ, ಕೆಳಗಿಡು ಅದನ್ನ. ಬೇಕಾದ್ರೆ ಅವಳನ್ನೇ ಕೇಳು. ವಿನೀ, ಹೇಳೇ ಅಮ್ಮನಿಗೆ, ನೀನೇ ಅಲ್ವಾ? ನಾನಲ್ಲ ಅಂತ ಹೇಳು! ಒಂದು ಮಾತು ಹೇಳೇ… ಅಯ್ಯೋ, ಯಾಕೇ ಸುಮ್ಮನಿದ್ದೀಯ?