ಎರಡನೆಯ ಏಕಾದಶಿ

ಮಾಂಬಲಂ ಸ್ಟೇಷನ್ನಿನ ಟಿಕೆಟ್ ಸಾಲಿನಲ್ಲಿ ಜಯಲಕ್ಷ್ಮೀಬಾಯಿ ಹಸಿದು ನಿಂತಿದ್ದರು. ನಿನ್ನೆಯೇ ಏಕಾದಶಿ ಮುಗಿದಿತ್ತು. ಆದರೆ ಪಂಚಾಂಗದ ಆ್ಯಪ್‌ನಿಂದ ಬೆಳಿಗ್ಗೆ ಮತ್ತೆ ‘ಇಂದು ಏಕಾದಶಿ’ ಎಂದು ಮೆಸೇಜು ಬಂದಿತ್ತು. ಎರಡು ದಿನ ಉಪವಾಸ ಬೀಳುವುದೂ ಉಂಟಲ್ಲ ಎಂದುಕೊಂಡು ಅವರು ಕಾಫಿಯನ್ನೂ ಮುಟ್ಟಿರಲಿಲ್ಲ.

ಅವರ ಮುಂದೆ ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗನ ಕೈಯಲ್ಲಿ ಬಾಳೆಹಣ್ಣು.

“ಗುರುಚರಣ, ಏಕಾದಶಿ ಮೆಸೇಜು ಇವತ್ತೂ ಹೋಗಿದೆ ಕಣೋ!”

“ಗೊತ್ತು ಸುಮೇಧಾ. ನಿನ್ನೆ ಒಂದು ಸರ್ವರ್ ಕಳಿಸ್ತು. ಕಳಿಸಿದೀನಿ ಅಂತ ಇನ್ನೊಂದಕ್ಕೆ ಹೇಳ್ಲಿಲ್ಲ.”

“ಎರಡೆರಡು ಯಾಕೆ?”

“ಒಂದು ಕೈಕೊಟ್ರೆ ಇನ್ನೊಂದಿರ್ಲಿ ಅಂತ. ಅದು ನಿನ್ನೆಯೆಲ್ಲಾ ಮಲಗಿತ್ತು. ಬೆಳಿಗ್ಗೆ ಎದ್ದು, ಬಾಕಿ ಕೆಲ್ಸ ಅಂದ್ಕೊಂಡು ತಾನೂ ಕಳಿಸಿಬಿಡ್ತು.”

“ತಾರೀಕು ನೋಡಬಾರ್ದಾ?”

“ನೋಡು ಅಂತ ನಾನು ಬರೆದಿರ್ಲಿಲ್ಲ.”

“ಯಾರಾದ್ರೂ ಇವತ್ತೂ ಉಪವಾಸ ಇದ್ರೆ?”

“ಫೋನ್ ಹೇಳ್ತು ಅಂತ ಯಾರು ಹಸ್ಕೊಂಡಿರ್ತಾರೆ? ಮೆಲ್ಲಗೆ ಮಾತಾಡು.”

“ಇಲ್ಲಿ ತಮಿಳರ ಮಧ್ಯೆ ಕನ್ನಡ ಯಾರಿಗೆ ಗೊತ್ತಾಗುತ್ತೆ, ಬಿಡು.”

ಟಿಕೆಟ್ ಸಿಕ್ಕಿತು. ಹೊರಡುತ್ತಾ ಹುಡುಗ ಹಣ್ಣಿನ ಸಿಪ್ಪೆಗೆ ಕೈ ಹಾಕಿದ. ಜಯಲಕ್ಷ್ಮೀಬಾಯಿ ಅವನ ಮುಂದೆ ಅಂಗೈ ಚಾಚಿದರು.

“ಅದನ್ನ ಇಲ್ಲಿ ಕೊಡು ಕಣ್ಣಾ. ಇವತ್ತು ಏಕಾದಶಿ ಅಂತ ನೀನೇ ಕಳಿಸಿದೀಯಲ್ಲ, ನೀನು ತಿನ್ನೋ ಹಾಗಿಲ್ಲ. ನನಗೆ ಈಗ ತಾನೆ ದ್ವಾದಶಿ ಆಯ್ತು.”