ನಾಲ್ಕು ನಿಮಿಷದ ಮುಖ

ಅಯ್ಯೋ, ಸಿನಿಮಾ ನಡುವೆ ಎದ್ದು ಬಂದ್ಬಿಟ್ಟೆಯಲ್ಲ ಅಕ್ಕ! ಇನ್ನೊಂದು ಹತ್ತು ನಿಮಿಷ ತಡ್ಕೊಂಡಿದ್ರೆ... ಕೂತ್ಕೋ, ಕೂತ್ಕೋ. ಕೋಟಾದ್ರೂ ಬಿಚ್ಚು. ಕಾಫಿ ಹೇಳಿದೀನಿ, ದಾಲ್ಚಿನ್ನಿ ಬನ್ನೂ ಬರುತ್ತೆ. ಐದಕ್ಕೆ ಮನೇಲಿರ್ಬೇಕು ಅಂತ ಗೊತ್ತು. ಭಾವನ ಹತ್ರ ಪಕ್ಕದ್ಮನೆಯವಳು ಕೂತಿದಾಳಲ್ಲ, ಏನೂ ಆಗಲ್ಲ.

ಯಾಕೆ ನಗ್ತೀಯ? ಹೌದು, ನಾನು ನೋಡ್ತಿರೋದು ಮೂರನೇ ಸಲ. ಐವತ್ತೆಂಟು ವರ್ಷದ ಗಡಿಯಾರ ರಿಪೇರಿಯವನಿಗೆ ಈ ರಕ್ತದ ಹುಚ್ಚು ಯಾಕೆ ಅಂತ ತಾನೆ? ನಗು, ನಗು. ಪೇಪರಿನವರೂ ಕಿತ್ತಾಡ್ತಿದಾರೆ. ಒಬ್ರು ಆರಕ್ಕೆ ಆರು ನಕ್ಷತ್ರ, ಇನ್ನೊಬ್ರು ಒಂದೇ ಒಂದು! ಮೊನ್ನೆ ಒಬ್ಬಾಕೆ ಪರದೆ ಕಡೆ ಕೈ ಮಾಡಿ "ಥೂ, ನಾಚಿಕೆ ಆಗ್ಬೇಕು" ಅಂತ ಕೂಗಿ ಹೊರಟೇ ಹೋದ್ಲು. ಹಿಂದಿನ ಸಾಲಿನವರು ಚಪ್ಪಾಳೆ ಹೊಡೆದ್ರು... ಆಕೆಗೋ ಸಿನಿಮಾಕ್ಕೋ ಗೊತ್ತಾಗ್ಲಿಲ್ಲ.

ಆದ್ರೆ ಆ ಬಣ್ಣ, ಅಕ್ಕ! ಆ ಹೋಟೆಲಿನ ಕಾರಿಡಾರು... ಗೋಡೆ ಕೆಂಪು, ನೆಲ ಕೆಂಪು, ಕೊಲೆಗಾರನ ಬಿಳಿ ಕೈಗವಸು ಮಾತ್ರ ತೇಲ್ತಾ ಬರುತ್ತೆ. ನಮ್ಮ ಆರ್ಹುಸ್ ಊರಿನ ಈ ಬೂದಿ ಬಣ್ಣದ ಆಕಾಶದ ಕೆಳಗೆ ಬೆಳೆದ ನಮಗೆ ಅಂಥ ಕೆಂಪು ಎಲ್ಲಿ ಸಿಗ್ಬೇಕು? ಸುತ್ತಿಗೆ ಏಟು? ಇದೆ, ಇಲ್ಲ ಅನ್ನಲ್ಲ. ನಾನೂ ಕಣ್ಣು ಮುಚ್ಕೊಂಡೆ.

ನೀನು ಎದ್ದ ಮೇಲೆ ಬರುತ್ತೆ ನೋಡು, ಅದನ್ನೇ ನಿನಗೆ ತೋರಿಸ್ಬೇಕು ಅಂತಿದ್ದದ್ದು. ಹೋಟೆಲಿನ ಮುದುಕನ್ನ ಹೊಡೀತಾರೆ. ಹೊಡೆತ ಕಾಣಲ್ಲ. ಬಾಗಿಲ ಸಂದೀಲಿ ನಿಂತ ಕೆಲಸದವನ ಮುಖ... ನಾಲ್ಕು ನಿಮಿಷ ಅದೇ ಮುಖ! ಅವನು ಅಲುಗಲ್ಲ. ಜನಕ್ಕೆ ಸಿಟ್ಟು ಬರೋದು ಇಲ್ಲೇ. ಹೇಡಿ ಅಂತಾರೆ. ಸಿನಿಮಾ ಮಾಡಿದವನು ಮಾತ್ರ ಅವನನ್ನ ಬೈಯಲ್ಲ, ಅಕ್ಕ. ಕಾಲೇ ಏಳದಿದ್ರೆ ಮನುಷ್ಯ ಏನು ಮಾಡಿಯಾನು?

ಛೇ, ಭಾವನ ವಿಷಯ ಎತ್ಬೇಕು ಅಂತಲ್ಲ. ಕಳ್ಳರು ನಮ್ಮ ಅಂಗಡಿಗೆ ನುಗ್ಗಿ ಭಾವನ್ನ ಹೊಡೆದಾಗ ನಾನು ನೆಲಮಾಳಿಗೇಲಿದ್ದೆ, ಪಾಲಿಶ್ ಮೆಷಿನ್ ಸದ್ದು, ಏನೂ ಕೇಳಿಸ್ಲಿಲ್ಲ... ನೂರು ಸಲ ಹೇಳಿದೀನಿ. ಈಗ ಸಿನಿಮಾದ್ದು ಹೇಳ್ತಿರೋದು. ಅದರಲ್ಲಿ ಒಂದೇ ತಪ್ಪು. ಆ ಮುದುಕ ಅರಚ್ತಾನೆ. ಯಾರೂ ಹಾಗೆ ಅರಚಲ್ಲ. ನಮ್ಮ ವಿಗ್ಗೋ ಭಾವ ಎಷ್ಟು ಮೆತ್ತಗೆ ಕನ್ನಡಕ ತೆಗೆದು ಗಾಜಿನ ಪೆಟ್ಟಿಗೆ ಮೇಲಿಟ್ರು, ಆಮೇಲೆ ಆ ಇಬ್ಬರಿಗೂ "ನಿಧಾನ, ನಿಧಾನ" ಅಂದ್ರು...

ಏನು? ಯಾಕೆ ಹಾಗೆ ನೋಡ್ತೀಯ?

ಪೊಲೀಸರು ಹೇಳಿದ್ದು. ಅವರೇ... ನಿನಗೆ ಹೇಳ್ಲಿಲ್ವಾ? ಇಲ್ಲ, ಭಾವನೇ ಒಂದಿನ... ಹೌದು. ಅವತ್ತಿಂದ ಅವರಿಗೆ ಮಾತೇ ಬಂದಿಲ್ಲ. ಹೌದು.

ಕಾಫಿ ಆರ್ತಿದೆ, ಕುಡಿ. ಅಕ್ಕ... ಕೈ ಎಳ್ಕೋಬೇಡ. ಬೈಯಾದ್ರೂ ಬೈ. "ಆಸ್ಗರ್, ಎಲ್ಲಿದ್ಯೋ ನೀನು" ಅಂತ ಕೇಳು. ಎರಡು ವರ್ಷ ಆಯ್ತು, ನೀನು ಒಂದ್ಸಲಾನೂ ಕೇಳಿಲ್ಲ...

ಮೇಲೆ ಅಂಗಡೀಲೇ ಇದ್ದೆ. ಒಳಕೋಣೆ ಪರದೆ ಹಿಂದೆ. ಕಾಲು ಏಳಲಿಲ್ಲ, ದೇವರಾಣೆ ಏಳಲಿಲ್ಲ. ಭಾವ ನನ್ನನ್ನ ನೋಡಿದ್ರು. ಒಂದೇ ಒಂದ್ಸಲ ನನ್ನ ಹೆಸರು ಹಿಡಿದು ಕೂಗಿದ್ರೆ ಹೊರಗೆ ಬರ್ತಿದ್ನೇನೋ. ಅವರು ಕೂಗ್ಲೇ ಇಲ್ಲ...

ಇಲ್ಲ. ಕೂಗಿದ್ರು. ಎರಡು ಸಲ ಕೂಗಿದ್ರು.